ಗರ್ಭಿಣಿಯರ ಶುಗರ್: ಪದೇ ಪದೇ ಕೇಳುವ ಪ್ರಶ್ನೆಗಳು

ತಾಲ್ಲೂಕು ಆಸ್ಪತ್ರೆಯಲ್ಲಿ ಗರ್ಭಿಣಿಯರಿಗೆ ಗ್ಲೂಕೋಸ್ ನೀರು ಕಲಸಿ ಕೊಡುವ ಮೇಜಿನ ಹಿಂದೆ ವರ್ಷಗಟ್ಟಲೆ ಕೂತವಳು ನಾನು. ತಿಂಗಳ 9ನೇ ತಾರೀಖು, ಅಂದರೆ ಸುರಕ್ಷಿತ ಮಾತೃತ್ವ ಅಭಿಯಾನದ ದಿನ, ಬೆಂಚು ಸಾಲದೆ ಮೆಟ್ಟಿಲ ಮೇಲೂ ಕೂತಿರುತ್ತಾರೆ. ಮುಖಗಳು ಬದಲಾಗುತ್ತವೆ, ಪ್ರಶ್ನೆಗಳು ಮಾತ್ರ ಅವೇ. ಕ್ಯೂ ಉದ್ದ ಇದ್ದಾಗ ಪೂರ್ತಿ ಉತ್ತರ ಹೇಳೋಕೆ ಆಗಲ್ಲ. ಹಾಗಾಗಿ ಇಲ್ಲಿ ಕೂತು ಸಮಾಧಾನವಾಗಿ ಬರೆದಿದ್ದೇನೆ.

ನನಗೆ ಶುಗರ್ ಇರಲೇ ಇಲ್ಲ. ಬಸುರಿಯಾದ ಮೇಲೆ ಎಲ್ಲಿಂದ ಬಂತು?

ಮಗುವಿಗೆ ಆಹಾರ ಸಾಗಿಸುವ ಮಾಸು ಕೆಲವು ಹಾರ್ಮೋನುಗಳನ್ನೂ ಮಾಡುತ್ತದೆ. ಇವು ತಾಯಿಯ ಇನ್ಸುಲಿನ್ ಕೆಲಸಕ್ಕೆ ಅಡ್ಡಗಾಲು ಹಾಕುತ್ತವೆ. ಅದರಲ್ಲಿ ಒಂದು ಲೆಕ್ಕಾಚಾರ ಇದೆ. ತಾಯಿಯ ರಕ್ತದಲ್ಲಿ ಸಕ್ಕರೆ ಸ್ವಲ್ಪ ಹೊತ್ತು ನಿಂತರೆ ತಾನೇ ಮಗುವಿಗೆ ಸಿಗೋದು? ಇದನ್ನು ಸರಿದೂಗಿಸಲು ತಾಯಿಯ ಮೇದೋಜೀರಕ ಗ್ರಂಥಿ ಇನ್ನಷ್ಟು ಇನ್ಸುಲಿನ್ ಸುರಿಸಬೇಕು. ಸುಮಾರು ಜನರಲ್ಲಿ ಸುರಿಸುತ್ತದೆ. ಕೆಲವರಲ್ಲಿ ಸಾಲದೆ ಹೋಗುತ್ತದೆ. ಆಗ ಏರುವ ಶುಗರ್ರೇ ಇದು. ಮಾಸು ಬೆಳೆದಂತೆ ಅಡ್ಡಗಾಲು ಜೋರಾಗುವುದರಿಂದ ಐದನೇ ತಿಂಗಳು ದಾಟಿದ ಮೇಲೆ ಕಾಣಿಸಿಕೊಳ್ಳುವುದು ಹೆಚ್ಚು.

ಸಿಹಿ ಜಾಸ್ತಿ ತಿಂದದ್ದಕ್ಕೇ ಬಂತು ಅಂತ ಅತ್ತೆ ಅಂತಾರೆ. ಹೌದಾ?

ಇಲ್ಲ. ಅಪ್ಪ ಅಮ್ಮನಿಗೆ ಶುಗರ್ ಇದ್ದರೆ, ನಿಮ್ಮ ತೂಕ ಮೊದಲೇ ಜಾಸ್ತಿ ಇದ್ದರೆ, ವಯಸ್ಸು ಮೂವತ್ತು ದಾಟಿದ್ದರೆ, ಪಿಸಿಓಡಿ (ಅಂಡಾಶಯದ ತೊಂದರೆ, ಮುಟ್ಟು ಏರುಪೇರಾಗುತ್ತದೆ) ಇದ್ದರೆ, ಹಿಂದಿನ ಮಗು ತುಂಬಾ ದಪ್ಪ ಹುಟ್ಟಿದ್ದರೆ ಬರುವ ಸಾಧ್ಯತೆ ಹೆಚ್ಚು. ಇದ್ಯಾವುದೂ ಇಲ್ಲದ, ಕಡ್ಡಿಯಂತಿರುವ ಹುಡುಗಿಯರಿಗೂ ಬಂದದ್ದನ್ನು ಎಷ್ಟೋ ಸಲ ನೋಡಿದ್ದೇನೆ. ಭಾರತದವರಿಗೆ ಸಣ್ಣಗಿದ್ದರೂ ಶುಗರ್ ಬರುವ ಗುಣ ಇದೆ. ಅದಕ್ಕೇ ನಮ್ಮಲ್ಲಿ ಮುಖ ನೋಡಿ ಆರಿಸುವುದಿಲ್ಲ. ಎಲ್ಲ ಗರ್ಭಿಣಿಯರಿಗೂ ಟೆಸ್ಟ್ ಮಾಡುತ್ತೇವೆ.

ಟೆಸ್ಟ್ ಯಾವಾಗ? ಹೇಗೆ ಮಾಡ್ತೀರಿ?

ಕೇಂದ್ರ ಸರ್ಕಾರದ ಮಾರ್ಗಸೂಚಿಯ ಪ್ರಕಾರ ಎರಡು ಸಲ. ಮೊದಲ ತಪಾಸಣೆಗೆ ಬಂದಾಗಲೇ ಒಂದು. ಅದರಲ್ಲಿ ಏನೂ ಇಲ್ಲ ಅಂದರೆ 24ರಿಂದ 28 ವಾರದ ನಡುವೆ ಇನ್ನೊಂದು. ಎರಡರ ಮಧ್ಯೆ ಕನಿಷ್ಠ ನಾಲ್ಕು ವಾರ ಅಂತರ ಇರಬೇಕು. ತಡವಾಗಿ, ಏಳು ತಿಂಗಳು ಕಳೆದು ಬಂದವರಿಗೆ ಬಂದ ದಿನವೇ ಒಂದು ಸಲ ಮಾಡುತ್ತೇವೆ.

75 ಗ್ರಾಂ ಗ್ಲೂಕೋಸ್ ಪುಡಿಯನ್ನು ಸುಮಾರು 300 ಮಿಲಿ ನೀರಿಗೆ ಹಾಕಿ ಕಲಸಿ ಕೊಡುತ್ತೇವೆ. ಐದರಿಂದ ಹತ್ತು ನಿಮಿಷದಲ್ಲಿ ಕುಡಿದು ಮುಗಿಸಬೇಕು. ಕುಡಿದು ಸರಿಯಾಗಿ ಎರಡು ಗಂಟೆಯಾದ ಮೇಲೆ ರಕ್ತ ನೋಡುತ್ತೇವೆ. ಒಂದು ಡೆಸಿಲೀಟರಿಗೆ 140 ಮಿಲಿಗ್ರಾಂ ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಗರ್ಭಿಣಿಯರ ಶುಗರ್ ಇದೆ ಅಂತ ಅರ್ಥ. ಆ ಎರಡು ಗಂಟೆ ಬೆಂಚಿನ ಮೇಲೇ ಇರಬೇಕು. ಹೊರಗೆ ಹೋಗಿ ಒಂದು ಲೋಟ ಕಾಫಿ ಕುಡಿದು ಬಂದರೂ ಲೆಕ್ಕ ಕೆಡುತ್ತದೆ. ಕಿಟಕಿಯಾಚೆ ತೆಂಗಿನ ಬುಡಕ್ಕೆ ಗ್ಲೂಕೋಸ್ ನೀರು ಸುರಿದವರೂ ಇದ್ದಾರೆ! ಅವರ ರಿಪೋರ್ಟು ಚೆಂದವಾಗಿಯೇ ಬರುತ್ತದೆ. ಮಗುವಿನ ಸ್ಥಿತಿ ಅದರಿಂದ ಬದಲಾಗಲ್ಲ, ಅಷ್ಟೇ.

ಖಾಲಿ ಹೊಟ್ಟೆಯಲ್ಲಿ ಬರಬೇಕಾ?

ಈ ಟೆಸ್ಟಿಗೆ ಬೇಡ. ತಿಂಡಿ ತಿಂದಿದ್ದರೂ ನಡೆಯುತ್ತದೆ. ಇದೇ ಇದರ ದೊಡ್ಡ ಅನುಕೂಲ. ಬೆಳಗ್ಗೆ ಆರರ ಬಸ್ಸು ಹಿಡಿದು, ಎರಡು ಕಡೆ ಇಳಿದು ಹತ್ತಿ ಹನ್ನೊಂದಕ್ಕೆ ತಲುಪುವ ಬಸುರಿಗೆ ಉಪವಾಸ ಬಾ ಅನ್ನೋದು ಹೇಗೆ? ಉಪವಾಸ ಇಲ್ಲದ ಈ ಪದ್ಧತಿಗೆ ಮುಖ್ಯ ಕಾರಣರಾದವರು ಚೆನ್ನೈನ ವೈದ್ಯ ವಿ. ಶೇಷಯ್ಯ. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅವರ ಹುಟ್ಟಿದ ದಿನ ಮಾರ್ಚ್ 10. ಆ ದಿನವನ್ನೇ ನಮ್ಮ ದೇಶದಲ್ಲಿ ಗರ್ಭಿಣಿಯರ ಮಧುಮೇಹ ಜಾಗೃತಿ ದಿನ ಅಂತ ಆಚರಿಸುತ್ತಾರೆ.

ಕುಡಿದದ್ದೆಲ್ಲ ವಾಂತಿ ಆಯ್ತು. ಈಗ?

ಕುಡಿದು ಅರ್ಧ ಗಂಟೆ ಆಗುವ ಮೊದಲೇ ವಾಂತಿಯಾದರೆ ಇನ್ನೊಂದು ದಿನ ಮತ್ತೆ ಮಾಡಬೇಕು. ಅರ್ಧ ಗಂಟೆ ಕಳೆದಿದ್ದರೆ ಅದೇ ಟೆಸ್ಟ್ ಮುಂದುವರಿಸಬಹುದು. ಗಟಗಟ ಅಂತ ಕುಡಿಯಬೇಡಿ, ಗುಟುಕು ಗುಟುಕಾಗಿ ಕುಡಿಯಿರಿ. ನಿಂಬೆರಸ ಹಿಂಡಬಹುದಾ ಅಂತ ಕೇಳುತ್ತಾರೆ. ಎರಡು ಹನಿಗೆ ಬಹಳ ಕಡೆ ಬೇಡ ಅನ್ನಲ್ಲ, ಆದರೆ ಮೊದಲು ಸಿಸ್ಟರ್ ಹತ್ತಿರ ಕೇಳಿ ಹಾಕಿ.

ನಮ್ಮಕ್ಕನಿಗೆ ಬೆಂಗಳೂರಲ್ಲಿ ಮೂರು ಸಲ ರಕ್ತ ತೆಗೆದರು. ನನಗೆ ಒಂದೇ ಸಲ. ಯಾವುದು ಸರಿ?

ಎರಡೂ ಸರಿಯೇ. ಅಕ್ಕನಿಗೆ ಮಾಡಿದ್ದು ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲಿ ಒಪ್ಪಿದ ಪದ್ಧತಿ. ಖಾಲಿ ಹೊಟ್ಟೆಯಲ್ಲಿ ಒಮ್ಮೆ, ಅದೇ 75 ಗ್ರಾಂ ಕುಡಿದು ಒಂದು ಗಂಟೆಗೆ ಮತ್ತು ಎರಡು ಗಂಟೆಗೆ ಒಂದೊಂದು ಸಲ ರಕ್ತ. ಇವುಗಳ ಗಡಿ ಕ್ರಮವಾಗಿ 92, 180, 153. ಈ ಮೂರರಲ್ಲಿ ಯಾವುದಾದರೂ ಒಂದನ್ನು ಮುಟ್ಟಿದರೂ ಶುಗರ್ ಅಂತ ಲೆಕ್ಕ. ಅಮೆರಿಕದಲ್ಲಿರುವ ನಮ್ಮ ಹೆಣ್ಣುಮಕ್ಕಳು ಫೋನಿನಲ್ಲಿ ಹೇಳುವುದು ಮೂರನೇ ಕಥೆ. ಅಲ್ಲಿ ಹೆಚ್ಚಿನ ಕಡೆ ಮೊದಲು 50 ಗ್ರಾಂ ಕುಡಿಸಿ ಒಂದು ಗಂಟೆಗೆ ನೋಡುತ್ತಾರೆ. ಜಾಸ್ತಿ ಬಂದರೆ ಇನ್ನೊಂದು ದಿನ ಉಪವಾಸ ಬರಿಸಿ, 100 ಗ್ರಾಂ ಕುಡಿಸಿ, ಮೂರು ಗಂಟೆ ಕೂರಿಸುತ್ತಾರೆ.

ಒಂದೇ ಸಲ ನೋಡುವ ನಮ್ಮ ಪದ್ಧತಿಯಲ್ಲಿ ಕೆಲವರು ತಪ್ಪಿಹೋಗುತ್ತಾರೆ ಅನ್ನುವ ವೈದ್ಯರೂ ಇದ್ದಾರೆ. ಅವರ ಮಾತಲ್ಲೂ ಹುರುಳಿದೆ. ಆದರೆ ಉಪವಾಸದ ಟೆಸ್ಟಿಗೆ ಬರದೇ ಮನೆಯಲ್ಲೇ ಉಳಿದುಬಿಡುವವರೂ ತಪ್ಪಿಹೋದವರೇ ಅಲ್ವಾ? ನಮ್ಮಂಥ ಊರಿಗೆ ಇದೇ ಸರಿ ಅನ್ನೋದು ನನ್ನ ಅಭಿಪ್ರಾಯ.

ಮೂರು ತಿಂಗಳ ಸರಾಸರಿ ತೋರಿಸುವ ಟೆಸ್ಟ್ ಇದೆಯಲ್ಲ, ಅದೊಂದೇ ಸಾಕಲ್ವಾ?

ಎಚ್‌ಬಿಎ1ಸಿ ಕೇಳುತ್ತಿದ್ದೀರಿ. ಮೊದಲ ತಿಂಗಳುಗಳಲ್ಲಿ ಅದು 6.5 ಅಥವಾ ಜಾಸ್ತಿ ಬಂದರೆ, ಬಸಿರಿಗೂ ಮೊದಲೇ ಶುಗರ್ ಇದ್ದು ಗೊತ್ತಾಗಿರಲಿಲ್ಲ ಅಂತ ತಿಳಿಯಲು ಉಪಯೋಗ. ಆದರೆ ಗರ್ಭಿಣಿಯರ ಶುಗರ್ ಹಿಡಿಯಲು ಅದನ್ನು ನೆಚ್ಚಿಕೊಳ್ಳುವ ಹಾಗಿಲ್ಲ. ಬಸುರಿಯಲ್ಲಿ ರಕ್ತಕಣಗಳು ಬೇಗ ಬದಲಾಗುತ್ತವೆ. ಅದರ ಮೇಲೆ ರಕ್ತಹೀನತೆಯೂ ಸೇರಿದರೆ ಸಂಖ್ಯೆ ದಾರಿ ತಪ್ಪಿಸುತ್ತದೆ.

ನನ್ನದು 142. ಎರಡೇ ಪಾಯಿಂಟ್ ಜಾಸ್ತಿ. ಅದಕ್ಕೂ ಇಷ್ಟೆಲ್ಲಾ ಗಲಾಟೆನಾ?

ಅತಿ ಹೆಚ್ಚು ಸಲ ಕೇಳಿಸಿಕೊಂಡ ಪ್ರಶ್ನೆ ಇದು. 9 ದೇಶಗಳ ಸುಮಾರು 25,000 ಗರ್ಭಿಣಿಯರನ್ನು ನೋಡಿದ ಒಂದು ದೊಡ್ಡ ಅಧ್ಯಯನ 2008ರಲ್ಲಿ ಹೊರಬಂತು. ಶುಗರ್ ಏರಿದಂತೆಲ್ಲ ಮಗು ದಪ್ಪಗಾಗುವುದೂ ಸಿಸೇರಿಯನ್ನೂ ಮೆಲ್ಲಮೆಲ್ಲಗೆ ಏರುತ್ತಲೇ ಹೋಗುತ್ತವೆ, ಇಲ್ಲಿಂದ ಆಚೆ ಮಾತ್ರ ಅಪಾಯ ಅನ್ನುವ ಗೆರೆ ಎಲ್ಲೂ ಇಲ್ಲ ಅಂತ ಅದರಲ್ಲಿ ಕಂಡಿತು. ಗೆರೆ ಹಾಕಿದ್ದು ನಾವು, ಚಿಕಿತ್ಸೆ ಎಲ್ಲಿಂದ ಶುರುಮಾಡಬೇಕು ಅಂತ ತಿಳಿಯಲಿ ಅಂತ. ಹಾಗಾಗಿ 142ಕ್ಕೆ ಅಳುವುದು ಬೇಡ, 138ಕ್ಕೆ ಕುಣಿಯುವುದೂ ಬೇಡ. 142 ಬಂದವರಿಗೆ ಊಟ ತಿದ್ದಿಕೊಂಡರೆ ಸಾಕಾಗುವುದೇ ಹೆಚ್ಚು.

ಹೊಟ್ಟೆಯಲ್ಲಿರುವ ಮಗುವಿಗೆ ಏನಾಗುತ್ತೆ?

ತಾಯಿಯ ರಕ್ತದ ಸಕ್ಕರೆ ಮಾಸು ದಾಟಿ ಮಗುವಿಗೆ ಹೋಗುತ್ತದೆ. ತಾಯಿಯ ಇನ್ಸುಲಿನ್ ಮಾತ್ರ ದಾಟುವುದಿಲ್ಲ. ಬಂದ ಸಕ್ಕರೆಯನ್ನೆಲ್ಲ ಸಂಭಾಳಿಸಲು ಮಗು ತಾನೇ ಇನ್ಸುಲಿನ್ ಮಾಡಿಕೊಳ್ಳುತ್ತದೆ. ಇನ್ಸುಲಿನ್ ಜಾಸ್ತಿಯಾದಷ್ಟೂ ಕೊಬ್ಬು ಕೂಡುತ್ತದೆ, ಭುಜ ಹೊಟ್ಟೆ ಅಗಲವಾಗುತ್ತವೆ. ಹೆರಿಗೆ ಹೊತ್ತಿಗೆ ತಲೆ ಬಂದು ಭುಜ ಸಿಕ್ಕಿಕೊಳ್ಳುವ ಭಯ ಇರುವುದು ಇದರಿಂದಲೇ. ಹೊಕ್ಕುಳಬಳ್ಳಿ ಕತ್ತರಿಸಿದ ಕೂಡಲೇ ತಾಯಿಯಿಂದ ಸಕ್ಕರೆ ಬರುವುದು ನಿಲ್ಲುತ್ತದೆ. ಮಗುವಿನ ಇನ್ಸುಲಿನ್ ಮಾತ್ರ ಇನ್ನೂ ಜಾಸ್ತಿಯೇ ಇರುತ್ತದೆ. ಆಗ ಮಗುವಿನ ಶುಗರ್ ದಿಢೀರ್ ಅಂತ ಇಳಿಯಬಹುದು. ತಾಯಿಗೆ ಬಿಪಿ ಏರುವುದು, ಗರ್ಭದಲ್ಲಿ ಮಗುವಿನ ಸುತ್ತ ನೀರು ಜಾಸ್ತಿ ತುಂಬುವುದು, ತೀರಾ ಹತೋಟಿ ತಪ್ಪಿದರೆ ಹೊಟ್ಟೆಯಲ್ಲೇ ಮಗು ತೀರಿಹೋಗುವುದು ಇವೂ ಇವೆ. ಹೆದರಿಸಲು ಹೇಳುತ್ತಿಲ್ಲ. ಶುಗರ್ ಹಿಡಿತದಲ್ಲಿದ್ದರೆ ಇವೆಲ್ಲ ಬಹಳ ಕಡಿಮೆ.

ಅಂಗ ಊನದ ಬಗ್ಗೆ ಕೇಳುವವರಿಗೆ ಒಂದು ಮಾತು. ಆ ಅಪಾಯ ಮುಖ್ಯವಾಗಿ ಬಸಿರು ನಿಲ್ಲುವ ಮೊದಲೇ ಶುಗರ್ ಇದ್ದವರಿಗೆ. ಮಗುವಿನ ಅಂಗಾಂಗ ರೂಪುಗೊಳ್ಳುವುದು ಮೊದಲ ಮೂರು ತಿಂಗಳಲ್ಲಿ. ಆರನೇ ತಿಂಗಳಲ್ಲಿ ಬಂದ ಶುಗರ್ ಅದನ್ನು ಕೆಡಿಸುವುದಿಲ್ಲ.

ಹಾಗಾದರೆ ಏನು ತಿನ್ನಬೇಕು? ಅನ್ನ ಬಿಟ್ಟು ಮುದ್ದೆ ತಿಂದರೆ ಆಯ್ತಲ್ವಾ?

ಮುದ್ದೆಯ ಮೇಲೆ ನಮಗಿರುವ ಭಕ್ತಿ ನನಗೂ ಇದೆ. ಆದರೆ 100 ಗ್ರಾಂ ಅಕ್ಕಿಯಲ್ಲಿ 78 ಗ್ರಾಂ ಆಸುಪಾಸು ಪಿಷ್ಟ ಇದ್ದರೆ ರಾಗಿಯಲ್ಲೂ 70ರ ಹತ್ತಿರ ಇದೆ. ರಾಗಿಯ ನಾರು, ಸುಣ್ಣದ ಅಂಶ ಒಳ್ಳೆಯವು, ನಿಜ. ಆದರೆ ತೆಂಗಿನಕಾಯಿ ಗಾತ್ರದ ಎರಡು ಮುದ್ದೆ ನುಂಗಿದರೆ ಶುಗರ್ ಏರಿಯೇ ಏರುತ್ತದೆ. ಒಬ್ಬಾಕೆ ಅನ್ನ ಪೂರ್ತಿ ಬಿಟ್ಟೆ ಅಂತ ಹೆಮ್ಮೆಯಿಂದ ಬಂದಳು. ಊಟವಾಗಿ ಎರಡು ಗಂಟೆಗೆ 171. ಏನು ತಿಂದೆ ಅಂದರೆ, ಕೈ ಬಟ್ಟಲು ಮಾಡಿ ಮುದ್ದೆಯ ಅಳತೆ ತೋರಿಸಿದಳು. ಎರಡೂ ಕೈ ಬೇಕಾಯಿತು! ಮುಂದಿನ ವಾರ ಅರ್ಧ ಮುದ್ದೆ, ಎರಡು ಸೌಟು ಬಸ್ಸಾರಿನ ಸೊಪ್ಪು ಕಾಳು, ಒಂದು ಮೊಟ್ಟೆ, ಮಜ್ಜಿಗೆ. 116 ಬಂತು.

ಗುಟ್ಟು ಇಷ್ಟೇ. ಪಿಷ್ಟ ಕಡಿಮೆ, ಕಾಳು ಸೊಪ್ಪು ಜಾಸ್ತಿ, ಒಂದೇ ಸಲ ಹೊಟ್ಟೆ ಬಿರಿಯುವಷ್ಟು ಬೇಡ. ಮೂರು ಊಟ, ನಡುನಡುವೆ ಎರಡು ಮೂರು ಸಣ್ಣ ತಿನಿಸು. ಕಡಲೆಕಾಯಿ, ಹೆಸರುಕಾಳು ಉಸಲಿ, ಸೌತೆಕಾಯಿ ಹೀಗೆ. ರಾತ್ರಿ ಊಟಕ್ಕೂ ಬೆಳಗಿನ ತಿಂಡಿಗೂ ತುಂಬಾ ಅಂತರ ಬೇಡ. ಬೆಳಗ್ಗೆ ಶುಗರ್ ಏರುವುದು ಹೆಚ್ಚು. ಅದಕ್ಕೇ ನಾಲ್ಕು ಇಡ್ಲಿಯ ಬದಲು ಎರಡು ಇಡ್ಲಿಗೆ ಬಟ್ಟಲು ತುಂಬಾ ಸಾಂಬಾರು. ಅವಲಕ್ಕಿ, ಉಪ್ಪಿಟ್ಟು ಮಾಡಿದರೆ ಅರ್ಧಕ್ಕರ್ಧ ತರಕಾರಿ ಹಾಕಿ.

ಬೆಲ್ಲ ಸಕ್ಕರೆಯೇ, ಜೇನೂ ಸಕ್ಕರೆಯೇ. ಹಣ್ಣು ಇಡಿಯಾಗಿ ತಿನ್ನಿ, ಜ್ಯೂಸ್ ಬೇಡ. ಸೀಬೆ, ಸೇಬು, ಪಪ್ಪಾಯಿ ಹೋಳು ಸ್ವಲ್ಪ ಆಗಬಹುದು. (ಪಪ್ಪಾಯಿ ಅಂದ ಕೂಡಲೇ ಅಜ್ಜಿಯರು ಎದ್ದು ನಿಲ್ಲುತ್ತಾರೆ. ಕಾಯಿ ಬೇಡ, ಚೆನ್ನಾಗಿ ಮಾಗಿದ ಹಣ್ಣು ಪರವಾಗಿಲ್ಲ. ಮನಸ್ಸು ಒಪ್ಪದಿದ್ದರೆ ಬಿಡಿ.) ಮಾವಿನಕಾಲದಲ್ಲಿ ಒಂದು ಸಣ್ಣ ಹೋಳು, ಅದೂ ಊಟದ ಜೊತೆ ಬೇಡ. ಅಂಗನವಾಡಿಯ ಮಾತೃಪೂರ್ಣ ಊಟ ಬಿಡಬೇಡಿ. ಮೊಟ್ಟೆ, ಹಾಲು, ಸಾರು ಎಲ್ಲ ನಿಮಗೆ ಬೇಕಾದವೇ. ಅನ್ನ ಕಡಿಮೆ ಹಾಕಿಸಿಕೊಳ್ಳಿ. ಕಡಲೆಕಾಯಿ ಚಿಕ್ಕಿಯಲ್ಲಿ ಬೆಲ್ಲ ಇರುತ್ತದೆ, ಅದನ್ನು ಮನೆಯವರಿಗೆ ಕೊಡಿ.

ಎರಡು ಜೀವ, ಎರಡು ಪಾಲು ತಿನ್ನು ಅನ್ನುವವರಿಗೆ ತಲೆಯಾಡಿಸಿ ಸುಮ್ಮನಿರಿ. ಹಾಗಂತ ಹೆದರಿ ಉಪವಾಸ ಬೀಳುವುದೂ ತಪ್ಪು. ಮಗು ಬೆಳೆಯಬೇಕಲ್ಲ.

ನಡೆದರೆ ಏನಾದರೂ ತೊಂದರೆಯಾ?

ವೈದ್ಯರು ವಿಶ್ರಾಂತಿ ಅಂತ ಬರೆದಿಲ್ಲದಿದ್ದರೆ ನಡೆಯಿರಿ. ದಿನಕ್ಕೆ ಅರ್ಧ ಗಂಟೆ. ಊಟವಾದ ಮೇಲೆ ಹತ್ತು ಹತ್ತು ನಿಮಿಷ ನಡೆದರೆ ಇನ್ನೂ ಒಳ್ಳೆಯದು.

ಶುಗರ್ ಎಷ್ಟಿರಬೇಕು? ಯಾವಾಗ ನೋಡಬೇಕು?

ಖಾಲಿ ಹೊಟ್ಟೆಗೆ 95ರ ಒಳಗೆ, ಊಟವಾಗಿ ಎರಡು ಗಂಟೆಗೆ 120ರ ಒಳಗೆ. ಒಂದು ಗಂಟೆಗೆ ನೋಡುವ ವೈದ್ಯರು 140ರ ಒಳಗೆ ಅನ್ನುತ್ತಾರೆ. ಗಂಟೆ ಎಣಿಸುವುದು ಊಟ ಶುರುಮಾಡಿದ ಹೊತ್ತಿನಿಂದ. ಮನೆಯಲ್ಲಿ ಗ್ಲೂಕೋಮೀಟರ್ ಇದ್ದರೆ ವೈದ್ಯರು ಹೇಳಿದಷ್ಟು ಸಲ ಚುಚ್ಚಿ, ಪುಸ್ತಕದಲ್ಲಿ ಬರೆದಿಡಿ. ಕೈ ತೊಳೆದು ಒರೆಸಿಕೊಂಡೇ ಚುಚ್ಚಿ. ಬಾಳೆಹಣ್ಣು ಸುಲಿದ ಬೆರಳಿನಲ್ಲಿ 230 ಬಂದು ಮನೆಮಂದಿಯೆಲ್ಲ ರಾತ್ರಿಯೇ ಆಸ್ಪತ್ರೆಗೆ ಓಡಿಬಂದದ್ದುಂಟು!

ಎಷ್ಟು ದಿನ ಊಟದಲ್ಲೇ ನೋಡ್ತೀರಿ? ಮಾತ್ರೆ ಯಾವಾಗ, ಇನ್ಸುಲಿನ್ ಯಾವಾಗ?

ಸಾಮಾನ್ಯವಾಗಿ ಎರಡು ವಾರ. ಆಮೇಲೂ ಊಟದ ನಂತರದ ಶುಗರ್ 120 ಅಥವಾ ಜಾಸ್ತಿಯೇ ಇದ್ದರೆ ಔಷಧಿ. ಮೊದಲೇ ತುಂಬಾ ಜಾಸ್ತಿ ಇದ್ದರೆ ಎರಡು ವಾರ ಕಾಯುವುದಿಲ್ಲ. ಸರ್ಕಾರದ ಮಾರ್ಗಸೂಚಿಯಲ್ಲಿ ಇನ್ಸುಲಿನ್ ಯಾವ ತಿಂಗಳಲ್ಲಾದರೂ ಕೊಡಬಹುದು. ಮೆಟ್‌ಫಾರ್ಮಿನ್ ಮಾತ್ರೆ 20 ವಾರ ದಾಟಿದ ಮೇಲೆ. ಮೆಟ್‌ಫಾರ್ಮಿನ್ ಮಾಸು ದಾಟಿ ಮಗುವಿಗೂ ಹೋಗುತ್ತದೆ, ಹಾಗಾಗಿ ಕೆಲವು ವೈದ್ಯರು ಇನ್ಸುಲಿನ್ನನ್ನೇ ಇಷ್ಟಪಡುತ್ತಾರೆ. ಅಪ್ಪನಿಗೆ ಬರೆದುಕೊಟ್ಟ ಶುಗರ್ ಮಾತ್ರೆಯನ್ನು ದಯವಿಟ್ಟು ನೀವು ನುಂಗಬೇಡಿ.

ಇನ್ಸುಲಿನ್ ಒಮ್ಮೆ ಶುರುವಾದರೆ ಜೀವನಪೂರ್ತಿ ಬಿಡೋಕಾಗಲ್ವಂತೆ?

ಇದು ಸುಳ್ಳು. ಮಾಸು ಹೊರಗೆ ಬಿತ್ತು ಅಂದರೆ ಅಡ್ಡಗಾಲು ಹಾಕುತ್ತಿದ್ದ ಹಾರ್ಮೋನುಗಳೂ ಹೋದವು. ಬಹುತೇಕ ಎಲ್ಲರಿಗೂ ಹೆರಿಗೆಯ ದಿನವೇ ಇನ್ಸುಲಿನ್ ನಿಲ್ಲುತ್ತದೆ.

ಚುಚ್ಚಿಕೊಳ್ಳುವ ಬಗ್ಗೆ ಎರಡು ಮಾತು. ನಮ್ಮಲ್ಲಿ ಸಿಗುವ ಸೀಸೆಯ ಇನ್ಸುಲಿನ್ ಹೆಚ್ಚಾಗಿ ಮಿಲಿಗೆ 40 ಯೂನಿಟ್. ಅದಕ್ಕೆ ಕೆಂಪು ಟೋಪಿಯ 40ರ ಸಿರಿಂಜೇ ಬೇಕು. ಕಿತ್ತಳೆ ಟೋಪಿಯದು 100ರದ್ದು, ಅದರಲ್ಲಿ ಎಳೆದರೆ ಡೋಸ್ ತಪ್ಪುತ್ತದೆ. ಮೆಡಿಕಲ್ ಸ್ಟೋರಿನಲ್ಲಿ ಕೊಟ್ಟದ್ದನ್ನು ಹಾಗೇ ತರಬೇಡಿ, ಸೀಸೆಯ ಮೇಲಿನ ಸಂಖ್ಯೆಗೂ ಸಿರಿಂಜಿನ ಸಂಖ್ಯೆಗೂ ತಾಳೆ ನೋಡಿ. ತೊಡೆಗೆ ಚುಚ್ಚಿಕೊಳ್ಳಬಹುದು. ಹೊಟ್ಟೆಗೂ ಚುಚ್ಚಬಹುದು, ಸೂಜಿ ಚರ್ಮದ ಕೆಳಗಷ್ಟೇ ಹೋಗುತ್ತದೆ, ಮಗುವಿಗೆ ತಾಗುವುದಿಲ್ಲ. ಫ್ರಿಜ್ ಇದ್ದರೆ ಬಾಗಿಲಲ್ಲಿಡಿ, ಐಸ್ ಆಗುವ ಜಾಗದಲ್ಲಿ ಬೇಡ. ಇಲ್ಲದಿದ್ದರೆ ನೀರು ತುಂಬಿದ ಮಣ್ಣಿನ ಮಡಕೆಯಲ್ಲಿ, ಸೀಸೆ ಒದ್ದೆಯಾಗದಂತೆ ಕವರಿನಲ್ಲಿ ಕಟ್ಟಿ ತಣ್ಣಗಿನ ಮೂಲೆಯಲ್ಲಿಡಿ.

ಇದ್ದಕ್ಕಿದ್ದಂತೆ ಬೆವರು, ಕೈ ನಡುಕ, ಎದೆ ಡವಡವ. ಏನದು?

ಇನ್ಸುಲಿನ್ ತೆಗೆದುಕೊಂಡು ಊಟ ತಡಮಾಡಿದ್ದರೆ ಶುಗರ್ ಕೆಳಗೆ ಇಳಿದಿರಬಹುದು. 70ಕ್ಕಿಂತ ಕಡಿಮೆ ಅಂದರೆ ಕೂಡಲೇ ಮೂರು ಚಮಚ ಗ್ಲೂಕೋಸ್ ಅಥವಾ ಸಕ್ಕರೆಯನ್ನು ಅರ್ಧ ಲೋಟ ನೀರಿಗೆ ಹಾಕಿ ಕುಡಿದು ಕೂತುಕೊಳ್ಳಿ. ಹದಿನೈದು ನಿಮಿಷದಲ್ಲಿ ಸರಿಹೋಗದಿದ್ದರೆ ಇನ್ನೊಮ್ಮೆ ಕುಡಿದು ಆಸ್ಪತ್ರೆಗೆ ಹೊರಡಿ. ಸರಿಹೋದರೆ ಊಟ ಮಾಡಿ. ಈ ಹೊತ್ತಿನಲ್ಲಿ ಪಥ್ಯದ ಮಾತಿಲ್ಲ.

ಸೀಮಂತ ಇದೆ. ಆರತಿ ಮಾಡಿ ಸಿಹಿ ತಿನ್ನಿಸ್ತಾರೆ. ಬೇಡ ಅನ್ನೋಕಾಗುತ್ತಾ?

ಹತ್ತು ಜನ ಮುತ್ತೈದೆಯರು ಹತ್ತು ತುತ್ತು ತಿನ್ನಿಸಿದರೆ ಎಷ್ಟಾಗುತ್ತದೆ ಲೆಕ್ಕ ಹಾಕಿ. ನಮ್ಮೂರಲ್ಲಿ ಒಬ್ಬ ಅತ್ತೆ ಒಂದು ಉಪಾಯ ಮಾಡಿದರು. ಸೊಸೆಯ ತಟ್ಟೆಯಲ್ಲಿ ಒಂದೇ ಒಂದು ಹೋಳಿಗೆ ಇಟ್ಟು, ಬಂದವರೆಲ್ಲ ಅದರಲ್ಲೇ ಚಿಟಿಕೆ ಚಿಟಿಕೆ ಮುರಿದು ತಿನ್ನಿಸುವಂತೆ ನೋಡಿಕೊಂಡರು. ಶಾಸ್ತ್ರವೂ ಆಯ್ತು, ಹೋಳಿಗೆ ಅರ್ಧ ಉಳಿಯಿತು. ಕುಬುಸಕ್ಕೂ ಇದೇ ಉಪಾಯ ನಡೆಯುತ್ತದೆ.

ಸಿಸೇರಿಯನ್ ಆಗಲೇಬೇಕಾ?

ಬೇಕಿಲ್ಲ. ಶುಗರ್ ಇದೆ ಅನ್ನುವ ಒಂದೇ ಕಾರಣಕ್ಕೆ ಆಪರೇಷನ್ ಮಾಡುವುದಿಲ್ಲ. ಸ್ಕ್ಯಾನಿಂಗ್‌ನಲ್ಲಿ ಮಗು 4 ಕಿಲೋ ದಾಟುವಂತೆ ಕಂಡರೆ ಅಥವಾ ಬೇರೆ ತೊಡಕಿದ್ದರೆ ಆ ಮಾತು ಬರುತ್ತದೆ. ಐದನೇ ತಿಂಗಳ ಸ್ಕ್ಯಾನ್ ಆದಮೇಲೆ ಏಳನೇ ತಿಂಗಳಲ್ಲಿ ಮತ್ತು ಎಂಟು ಒಂಬತ್ತರ ನಡುವೆ ಬೆಳವಣಿಗೆ ನೋಡುವುದು ಇದಕ್ಕೇ. ಹತೋಟಿಯಲ್ಲಿದ್ದರೆ 39 ವಾರ ದಾಟುವವರೆಗೂ ಕಾಯಬಹುದು. ಹೆರಿಗೆ ಮಾತ್ರ ಮನೆಯಲ್ಲಿ ಬೇಡ, ಮಕ್ಕಳ ಡಾಕ್ಟರು ಸಿಗುವ ಕಡೆ ಆಗಲಿ. ಮಗುವಿನ ಒದೆತ ಕಡಿಮೆ ಅನ್ನಿಸಿದರೆ ತಾರೀಖು ಕಾಯದೆ ಬನ್ನಿ.

ಹುಟ್ಟಿದ ಕೂಸಿನ ಹಿಮ್ಮಡಿ ಚುಚ್ಚಿದರು. ಅದಕ್ಕೂ ಶುಗರ್ ಬಂದಿದೆಯಾ?

ಇಲ್ಲ, ಅವರು ನೋಡುವುದು ಕಡಿಮೆಯಾಗಿದೆಯಾ ಅಂತ. 45ಕ್ಕಿಂತ ಕೆಳಗಿದ್ದರೆ ಹುಷಾರಾಗಬೇಕು. ಅದಕ್ಕೆ ಒಳ್ಳೆಯ ಮದ್ದು ಎದೆಹಾಲು, ಹುಟ್ಟಿದ ಒಂದು ಗಂಟೆಯೊಳಗೆ. ಜೇನುತುಪ್ಪ ನೆಕ್ಕಿಸಬೇಡಿ.

ಹೆರಿಗೆಯಾಯ್ತು, ಶುಗರ್ ಹೋಯ್ತು. ಇನ್ನೇನು?

ಇಲ್ಲಿಗೆ ಬಂದರೆ ನನ್ನ ದನಿ ಸ್ವಲ್ಪ ಏರುತ್ತದೆ. ನಾಲ್ಕು ತಿಂಗಳು ವಾರ ತಪ್ಪದೆ ಬಂದವರು, ಹೆರಿಗೆಯಾಗಿ ಆರು ವಾರ ಆದಮೇಲೆ ಒಂದೇ ಒಂದು ಸಲ ಟೆಸ್ಟಿಗೆ ಬನ್ನಿ ಅಂದರೆ ಬರುವುದಿಲ್ಲ. ತವರಿನಲ್ಲಿರುತ್ತಾರೆ, ಕೂಸು ಅಳುತ್ತದೆ, ಬಾಣಂತಿ ಗಾಳಿಗೆ ಹೋಗಬಾರದು. ಕಾರಣ ನೂರು.

ಆ ಟೆಸ್ಟ್ ಯಾಕೆ ಬೇಕು? ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆ, ನಾವೆಲ್ಲ ಮಿಷನ್ ಆಸ್ಪತ್ರೆ ಅನ್ನುವ ಅದೇ ಆಸ್ಪತ್ರೆಯಲ್ಲಿ 1997-98ರಲ್ಲಿ ಹೆರಿಗೆಯಾದ ತಾಯಂದಿರನ್ನು ಸಂಶೋಧಕರು ಐದು ವರ್ಷದ ಮೇಲೆ ಮತ್ತೆ ಕರೆದು ನೋಡಿದರು. ಬಸಿರಿನಲ್ಲಿ ಶುಗರ್ ಬಂದಿದ್ದವರಲ್ಲಿ ನೂರಕ್ಕೆ 37 ಜನರಿಗೆ ಕಾಯಂ ಶುಗರ್ ಆಗಿತ್ತು. ಬಾರದವರಲ್ಲಿ ನೂರಕ್ಕೆ 2. ಗುಂಪು ಸಣ್ಣದೇ, ಆದರೂ ನಮ್ಮದೇ ಊರಿನ ಹೆಣ್ಣುಮಕ್ಕಳ ಲೆಕ್ಕ ಅದು. ಅವರ ಮಕ್ಕಳನ್ನೂ ವರ್ಷಗಟ್ಟಲೆ ನೋಡುತ್ತಾ ಬಂದರು. ಶುಗರ್ ಇದ್ದ ತಾಯಂದಿರ ಮಕ್ಕಳಲ್ಲಿ ಚಿಕ್ಕಂದಿನಲ್ಲೇ ಕೊಬ್ಬು ಜಾಸ್ತಿ ಕಂಡಿತು.

ಆರು ವಾರಕ್ಕೆ ಮಾಡುವುದು ಖಾಲಿ ಹೊಟ್ಟೆಯ ಟೆಸ್ಟ್, ಜೊತೆಗೆ 75 ಗ್ರಾಂ ಕುಡಿಸಿ ಎರಡು ಗಂಟೆಗೆ. ಎರಡು ಗಂಟೆಯದು 140ರ ಒಳಗಿದ್ದರೆ ಸರಿ, 140ರಿಂದ 199 ಅಂಚಿನಲ್ಲಿ, 200 ಅಥವಾ ಜಾಸ್ತಿ ಬಂದರೆ ಶುಗರ್ ಉಳಿದುಕೊಂಡಿದೆ. ಕೂಸಿಗೆ ಆರು ವಾರದ ಲಸಿಕೆ ಇರುತ್ತದಲ್ಲ, ಅದೇ ದಿನ ಇಬ್ಬರೂ ಬಂದರೆ ಒಂದೇ ಬಸ್ ಚಾರ್ಜು. ಆಮೇಲೆ ವರ್ಷಕ್ಕೊಮ್ಮೆ ನೋಡಿಸಿ.

ಬಾಣಂತನದ ತುಪ್ಪ, ಅಂಟಿನುಂಡೆ?

ಸಾರಿನನ್ನಕ್ಕೆ ಒಂದು ಚಮಚ ತುಪ್ಪ ಯಾರೂ ಬೇಡ ಅನ್ನಲ್ಲ. ಡಬ್ಬಿಗಟ್ಟಲೆ ಬೆಲ್ಲದುಂಡೆ ಮಾತ್ರ ಬೇಡ. ಎದೆಹಾಲು ಕುಡಿಸುವುದರಿಂದ ತೂಕವೂ ಇಳಿಯುತ್ತದೆ, ಮುಂದೆ ಶುಗರ್ ಬರುವ ಅಪಾಯವೂ ಕಡಿಮೆಯಾಗುತ್ತದೆ.

ತಾಯಿ ಕಾರ್ಡ್ ಕಳೆದುಹೋಗಿದೆ. ಹೆರಿಗೆ ಆಗಿದೆಯಲ್ಲ, ಪರವಾಗಿಲ್ವಾ?

ಹುಡುಕಿ. ಸಿಗದಿದ್ದರೆ ಆಶಾ ಕಾರ್ಯಕರ್ತೆಯ ಪುಸ್ತಕ ನೋಡಿ ನಿಮ್ಮ ಸಂಖ್ಯೆಗಳನ್ನು ಬರೆಸಿಕೊಳ್ಳಿ. ಮುಂದಿನ ಬಸಿರಿನಲ್ಲೂ ಶುಗರ್ ಬರುವ ಸಾಧ್ಯತೆ ಹೆಚ್ಚು. ಆಗ ಬೇರೆ ಊರಿನ ಬೇರೆ ಸಿಸ್ಟರ್ ಹೋದ ಸಲ ಎಷ್ಟಿತ್ತಮ್ಮ ಅಂತ ಕೇಳುತ್ತಾರೆ. ಸ್ವಲ್ಪ ಜಾಸ್ತಿ ಇತ್ತು ಅಂದರೆ ಅವರಿಗೆ ಏನೂ ತಿಳಿಯುವುದಿಲ್ಲ. ಇನ್ನೊಂದು ಮಗು ಬೇಕು ಅನ್ನಿಸಿದಾಗ ಮುಟ್ಟು ನಿಲ್ಲುವವರೆಗೆ ಕಾಯಬೇಡಿ, ಮೊದಲೇ ಒಮ್ಮೆ ಶುಗರ್ ನೋಡಿಸಿ. ನಿಂತ ಮೇಲೆ ಮೊದಲ ತಿಂಗಳಲ್ಲೇ ಬಂದು, ಆ ಹಳೇ ಕಾರ್ಡನ್ನು ಮೇಜಿನ ಮೇಲಿಡಿ.